ಬದುವಿನ ಮುತ್ತುಗ ಯಾರಿಗೆ ಭಾರ?

ಶಿವರಾತ್ರಿ ಕಳೆದು ಹೋಳಿ ಹುಣ್ಣಿಮೆ ಹತ್ತಿರವಾಗುವ ಹೊತ್ತಿಗೆ ನಮ್ಮ ಬಯಲುಸೀಮೆಯಲ್ಲಿ ಹಸಿರೆಂಬುದು ಅಪರೂಪ. ಕೆಮ್ಮಣ್ಣಿನ ಕಡೆ ರಾಗಿಯ ಕೂಳೆ ಒಣಗಿ ನಿಂತಿರುತ್ತದೆ. ಎರೆಭೂಮಿಯ ಕಡೆ ಕಡಲೆ, ಜೋಳ ಮನೆ ಸೇರಿ ನೆಲ ಬಾಯಿ ಬಿಟ್ಟಿರುತ್ತದೆ. ಆ ದಿನಗಳಲ್ಲಿ ಮೈಮೇಲೆ ಒಂದು ಎಲೆಯೂ ಇಲ್ಲದ ಮುತ್ತುಗದ ಮರ ರೆಂಬೆ ರೆಂಬೆಗೂ ಕೆಂಡದ ಬಣ್ಣದ ಹೂವನ್ನು ಹೊತ್ತು ಬದುವಿನ ಮೇಲೆ ನಿಲ್ಲುತ್ತದೆ. ಚಳಿ ದೇಶಗಳಲ್ಲಿ ಮೇಪಲ್ ಮೊದಲಾದ ಮರಗಳು ಎಲೆ ಉದುರಿಸುವ ಮುನ್ನ ಕೆಂಪಾಗುವುದನ್ನು ನೋಡಲು ಜನ ದೂರ ದೂರದಿಂದ ಹೋಗುತ್ತಾರೆ. ನಮ್ಮ ಮುತ್ತುಗಕ್ಕೆ ಬಣ್ಣ ಬರುವುದು ಎಲೆ ಉದುರಿದ ಮೇಲೆ. ಅದನ್ನು ನೋಡಲು ರೈತನಿಗೆ ಬಸ್ಸಿನ ಚಾರ್ಜೂ ಬೇಡ, ಮನೆಯ ಹಿಂದಿನ ಬದುವಿನ ಮೇಲೆ ನಿಂತರೆ ಸಾಕು.

ಆದರೆ ಅಂದಚಂದದ ವರ್ಣನೆ ಈ ಪುಟದ ಕೆಲಸವಲ್ಲ. ಈ ಮರ ನಮ್ಮ ಹೊಲಗಳಿಂದ ಬುಡಸಹಿತ ಮಾಯವಾಗುತ್ತಿದೆ ಎಂಬುದು ಇಂದಿನ ವಿಚಾರ.

ಕೆಲವು ವಾರಗಳ ಹಿಂದೆ ಬಯಲುಸೀಮೆಯ ಹಳ್ಳಿಯೊಂದಕ್ಕೆ ಹೋಗಿದ್ದಾಗ ಒಂದು ಜೆಸಿಬಿ ಯಂತ್ರ ಬದುವಿನ ಕೆಲಸಕ್ಕೆ ನಿಂತಿತ್ತು. ಎರಡು ಹೊಲಗಳ ನಡುವಿನ ಹಳೆಯ ಬದುವನ್ನು ಕಿತ್ತು ಸಪಾಟು ಮಾಡುವ ಕೆಲಸ. ಅಲ್ಲಿದ್ದ ಏಳು ಮುತ್ತುಗದ ಮರಗಳನ್ನು ಕೀಳಲು ಅದಕ್ಕೆ ಒಂದು ಬೆಳಗು ಸಾಕಾಯಿತು. ಕೊಂಬೆಗಳಲ್ಲಿ ಮೊಗ್ಗು ಇನ್ನೂ ಕಪ್ಪು ಕಪ್ಪಾಗಿತ್ತು, ಅರಳಿರಲಿಲ್ಲ. ಹೊಲದ ಯಜಮಾನರು ಸಭ್ಯರು, ಒಳ್ಳೆಯ ಬೇಸಾಯಗಾರರು. ಏಕೆ ತೆಗೆಸುತ್ತಿದ್ದೀರಿ ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ಒಂದೇ: "ಅದರಿಂದ ನಮಗೆ ಏನು ಬರುತ್ತದೆ, ಹೇಳಿ?"

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಾಲ ಮಾಡಿ ಗೊಬ್ಬರ ತರುವ ರೈತನಿಗೆ ಪ್ರತಿ ಗುಂಟೆಯ ಲೆಕ್ಕ ಬೇಕು. ಮರ ದೇವರು, ಮರ ತಾಯಿ ಎಂದು ಪೇಟೆಯಲ್ಲಿ ಕುಳಿತು ಉಪದೇಶಿಸುವುದು ಸುಲಭ. ಆದ್ದರಿಂದ ಲೆಕ್ಕವನ್ನೇ ಹಾಕಿ ನೋಡೋಣ, ನಷ್ಟದ ಬಾಬನ್ನು ಮೊದಲು ಬರೆದುಕೊಂಡೇ.

ಮುತ್ತುಗ ನಿಧಾನವಾಗಿ ಬೆಳೆಯುವ ಮರ. ಬುಡ ಡೊಂಕು. ತೊಲೆ, ಕಂಬಕ್ಕೆ ಆಗುವುದಿಲ್ಲ. ಮರ ನೀರಿನೊಳಗೆ ಬಾಳಿಕೆ ಬರುತ್ತದೆಂದು ಹಿಂದೆ ಬಾವಿಯ ತಳದಲ್ಲಿ ಕೂರಿಸುವ ಚೌಕಟ್ಟಿಗೆ ಇದನ್ನು ಬಳಸುತ್ತಿದ್ದರು. ಕೊಳವೆಬಾವಿ ಬಂದ ಮೇಲೆ ಆ ಉಪಯೋಗ ಹೋಯಿತು. ಮುಂಗಾರಿನಲ್ಲಿ ಮರದ ತುಂಬ ಅಗಲವಾದ ಎಲೆ ಇರುವುದರಿಂದ ಬದುವಿನ ಪಕ್ಕದ ಸಾಲುಗಳಿಗೆ ನೆರಳು ಬೀಳುತ್ತದೆ, ಅಷ್ಟರಮಟ್ಟಿಗೆ ಇಳುವರಿ ಕಡಿಮೆಯಾಗುತ್ತದೆ. ಬೇರಿನಿಂದ ಮರಿಗಿಡಗಳು ಎದ್ದು ಹೊಲದೊಳಕ್ಕೆ ಬರುತ್ತವೆ, ಉಳುವಾಗ ನೇಗಿಲಿಗೆ ಸಿಕ್ಕುತ್ತವೆ. ಇವೆಲ್ಲ ನಿಜ. ಬೇರೆ ಬರೆದರೆ ಓದುಗರು ನಂಬುವುದೂ ಇಲ್ಲ.

ಈಗ ಇನ್ನೊಂದು ಪುಟ. ಹಿಂಗಾರಿನಲ್ಲಿ ಕಡಲೆ ಬೆಳೆಯುವವರಿಗೆ ಕಾಯಿಕೊರಕ ಹುಳುವಿನ ಕಾಟ ಗೊತ್ತೇ ಇದೆ. ಔಷಧಿ ಹೊಡೆಯುವುದರ ಜೊತೆಗೆ ಹೊಲದಲ್ಲಿ ಅಲ್ಲಲ್ಲಿ ಕವಲುಕಡ್ಡಿ ನೆಟ್ಟು ಹಕ್ಕಿಗಳು ಕೂರಲು ಆಸರೆ ಮಾಡಿಕೊಡಿ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತ ಬಂದಿದ್ದಾರೆ. ಕಾಜಾಣ, ಗೊರವಂಕ ಮೊದಲಾದವು ಅಲ್ಲಿ ಕುಳಿತು ಹುಳುವನ್ನು ಕಂಡೊಡನೆ ಇಳಿದು ಹೆಕ್ಕುತ್ತವೆ. ಕಡಲೆ ಕಾಯಿ ಕಟ್ಟುವುದು ಪುಷ್ಯ, ಮಾಘದ ಹೊತ್ತಿನಲ್ಲಿ. ಮುತ್ತುಗ ಎಲೆ ಉದುರಿಸಿ ಬರಿ ಕೊಂಬೆಯಾಗುವುದೂ ಅದೇ ಹೊತ್ತಿನಲ್ಲಿ. ಕಾಜಾಣಕ್ಕೆ ಬೇಕಾದದ್ದು ಸುತ್ತಲೂ ಕಾಣುವ ಇಂಥ ಬರಿ ಕೊಂಬೆಯೇ. ಬದುವಿನ ಮರವನ್ನು ದುಡ್ಡು ಕೊಟ್ಟು ಕೀಳಿಸಿ, ಆಮೇಲೆ ಹಕ್ಕಿ ಕೂರಲೆಂದು ಕಡ್ಡಿ ನೆಡುವವರನ್ನು ನಾವೇ ಕಂಡಿದ್ದೇವೆ! ಹಿಂಗಾರಿಗೆ ನೆರಳಿನ ದೂರೂ ಹೆಚ್ಚಿಲ್ಲ. ಬೆಳೆಗೆ ಬಿಸಿಲು ಬೇಕಾದಾಗ ಎಲೆ ಉದುರಿಸಿಕೊಳ್ಳುವ ಮರ ಇದು.

ಹೂ ಅರಳಿದ ಮೇಲೆ ಅಲ್ಲಿ ನಡೆಯುವ ಗದ್ದಲವನ್ನು ಒಂದು ಬೆಳಿಗ್ಗೆ ಹೋಗಿ ನೋಡಬೇಕು. ಕೆರೆ ಕುಂಟೆ ಬತ್ತುತ್ತಿರುವ ಕಾಲ, ಬೇರೆ ಹೂಗಳೂ ಕಡಿಮೆ. ಮುತ್ತುಗದ ಹೂವಿನ ಬುಡದಲ್ಲಿ ಮಕರಂದ ತುಂಬಿರುತ್ತದೆ. ಗೊರವಂಕ, ಪಿಕಳಾರ, ಕಾಜಾಣ, ಗಿಳಿ, ಕಾಗೆ, ಸೂರಕ್ಕಿ, ಅಳಿಲು, ಜೇನು ಎಲ್ಲವೂ ಅಲ್ಲಿಗೆ ಬರುತ್ತವೆ. ಗಿಳಿಗಳು ಹೂವನ್ನು ಕಚ್ಚಿ ಕೆಡವುವುದೇ ಹೆಚ್ಚು. ದೆಹಲಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ಈ ಮರದ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸ್ವಾರಸ್ಯದ ವಿಷಯ ಹೊರಬಿದ್ದಿತು. ಬರುವ ಹಕ್ಕಿಗಳು ಹಲವು, ಆದರೆ ಸರಿಯಾದ ಕ್ರಮದಲ್ಲಿ ಹೂವನ್ನು ತೆರೆದು ಪರಾಗವನ್ನು ಸಾಗಿಸುವುದು ಅಂಗುಷ್ಠದಷ್ಟು ದೊಡ್ಡ ಸೂರಕ್ಕಿ, ಅದರ ಜೊತೆಗೆ ಅಳಿಲು. ಉಳಿದವು ಊಟ ಮಾಡಿ ಹೋಗುವ ನೆಂಟರು. ಅದೇ ಮರದ ಪರಾಗ ಬಿದ್ದರೆ ಕಾಯಿ ಕಡಿಮೆ, ಇನ್ನೊಂದು ಮರದ ಪರಾಗ ಬಿದ್ದರೆ ಕಾಯಿ ಹೆಚ್ಚು ಎಂಬುದನ್ನೂ ಅವರು ಕಂಡರು. ಇದರ ಅರ್ಥ ರೈತನಿಗೆ ಬೇಗ ತಿಳಿಯುತ್ತದೆ. ಹತ್ತು ಹೊಲಕ್ಕೆ ಒಂದು ಒಂಟಿ ಮರ ಉಳಿಸಿದರೆ ಹೂವೇನೋ ಬಿಡುತ್ತದೆ, ಬೀಜ ಸರಿಯಾಗಿ ಕಟ್ಟುವುದಿಲ್ಲ. ನೆರೆಹೊರೆಯ ಬದುಗಳಲ್ಲೂ ಮರವಿದ್ದರೆ ಮಾತ್ರ ಸಂತತಿ ಮುಂದುವರಿಯುತ್ತದೆ.

ಹಕ್ಕಿ ಬಂದರೆ ಜೋಳಕ್ಕೆ ಕೇಡು ಎಂದು ಉತ್ತರದ ಜಿಲ್ಲೆಗಳ ಓದುಗರು ಹೇಳಬಹುದು. ಗುಲಾಬಿ ಕಬ್ಬಕ್ಕಿಗಳ ಹಿಂಡು ಜೋಳದ ಹೊಲಕ್ಕೆ ಇಳಿದಾಗ ಆಗುವ ಹಾನಿ ಸಣ್ಣದಲ್ಲ, ಕವಣೆ ಹಿಡಿದು ಅಟ್ಟಣೆ ಏರಿದವರಿಗೆ ಅದು ಗೊತ್ತು. ಆದರೆ ಆ ಹಕ್ಕಿ ಮಧ್ಯ ಏಷ್ಯಾದಿಂದ ಚಳಿಗಾಲಕ್ಕೆ ಬರುವುದು ಜೋಳಕ್ಕಾಗಿ, ಮುತ್ತುಗಕ್ಕಾಗಿ ಅಲ್ಲ. ಮರ ಕಡಿದ ಮಾತ್ರಕ್ಕೆ ಅದು ಬರುವುದನ್ನು ಬಿಡುವುದಿಲ್ಲ. ಮುತ್ತುಗ ಹೂ ಬಿಡುವಾಗ ಜೋಳ ಬಹುಮಟ್ಟಿಗೆ ಕಣ ಸೇರಿರುತ್ತದೆ. ಅದೇ ಹಕ್ಕಿ ಮಿಡತೆಯ ಶತ್ರುವೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಎಲೆಯ ವಿಚಾರ. ನಮ್ಮ ಅಭಿಪ್ರಾಯದಲ್ಲಿ ಮುತ್ತುಗದ ದೊಡ್ಡ ಆದಾಯ ಇದೇ. ಮದುವೆ, ದೇವರ ಕಾರ್ಯ, ತಿಥಿ ಯಾವುದೇ ಇರಲಿ, ಬಾಳೆ ಬೆಳೆಯದ ಒಣಸೀಮೆಯಲ್ಲಿ ಊಟಕ್ಕೆ ಮುತ್ತುಗದ ಎಲೆಯೇ ಗತಿಯಾಗಿತ್ತು. ಚೈತ್ರ, ವೈಶಾಖದಲ್ಲಿ ಹೊಸ ಎಲೆ ಬಂದು ತಕ್ಕಷ್ಟು ಬಲಿತಾಗ, ಬೇಸಾಯದ ಕೆಲಸವಿಲ್ಲದ ಬೇಸಿಗೆಯ ಮಧ್ಯಾಹ್ನಗಳಲ್ಲಿ ಜಗುಲಿಯ ಮೇಲೆ ಕುಳಿತು ಹೆಂಗಸರು ಬಿದಿರು ಕಡ್ಡಿಯ ಸೀಳಿನಿಂದ ಎಲೆ ಹಚ್ಚುತ್ತಿದ್ದರು. ಐದಾರು ಎಲೆಗೆ ಒಂದು ಊಟದೆಲೆ. ನೂರರ ಕಟ್ಟು ಕಟ್ಟಿ ಭಾರ ಹೇರಿ ಒಣಗಿಸಿಟ್ಟರೆ ವರ್ಷವಿಡೀ ಇರುತ್ತದೆ, ಬೇಕಾದಾಗ ನೀರು ಚಿಮುಕಿಸಿದರೆ ಸಾಕು. ಉತ್ತರದಲ್ಲಿ ಇದೇ ಪತ್ರಾವಳಿ. ಗಂಡಸರ ಕೈಗೆ ಹೋಗದೆ ನೇರವಾಗಿ ಹೆಂಗಸರ ಸೆರಗಿನ ಗಂಟು ಸೇರುತ್ತಿದ್ದ ಕೆಲವೇ ಹಣಗಳಲ್ಲಿ ಎಲೆಯ ಹಣ ಒಂದು. ಭೂಮಿ ಇಲ್ಲದ ಮನೆಗಳಿಗೂ ಈ ಕೆಲಸ ಇತ್ತು, ಏಕೆಂದರೆ ಗೋಮಾಳದ ಮರದ ಎಲೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮರ ಕಿತ್ತಾಗ ಬದುವಿನ ಯಜಮಾನನಿಗೆ ಎರಡು ಸಾಲು ಬೆಳೆ ಹೆಚ್ಚಾಗಿ ಬರಬಹುದು. ಹೋದದ್ದು ಯಾರದು ಎಂಬುದನ್ನು ಅವನ ಲೆಕ್ಕದ ಪುಸ್ತಕ ಹೇಳುವುದಿಲ್ಲ.

ಆ ಜಾಗಕ್ಕೆ ಬಂದದ್ದು ಏನು? ಪೇಟೆಯಿಂದ ತರುವ ಪ್ಲಾಸ್ಟಿಕ್ ಮೆತ್ತಿದ ಕಾಗದದ ಎಲೆ, ಥರ್ಮೋಕೋಲ್ ತಟ್ಟೆ. ಮದುವೆ ಮುಗಿದ ಮರುದಿನ ಅವು ತಿಪ್ಪೆಯಲ್ಲಿರುತ್ತವೆ. ಅನ್ನದ ವಾಸನೆಗೆ ದನಗಳು ಅಲ್ಲಿಗೆ ಹೋಗುತ್ತವೆ. ದನದ ಹೊಟ್ಟೆ ಕೊಯ್ದು ಗಟ್ಟಲೆ ಪ್ಲಾಸ್ಟಿಕ್ಕು ಹೊರತೆಗೆದ ಸುದ್ದಿಯನ್ನು ಓದದವರು ವಾಚನಾಲಯದಲ್ಲಿ ಯಾರೂ ಇರಲಾರರು. ಮುತ್ತುಗದ ಎಂಜಲೆಲೆ ತಿಪ್ಪೆಗೆ ಬಿದ್ದರೆ ಗೊಬ್ಬರ. ಕಾಗದದ ಎಲೆ ಗೊಬ್ಬರದ ಜೊತೆ ಹೊಲಕ್ಕೆ ಹೋಗಿ ಕುಂಟೆಗೆ ಸುತ್ತಿಕೊಳ್ಳುತ್ತದೆ. ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಲಾಯಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ದೇಶಕ್ಕೆಲ್ಲ ನಿಷೇಧಿಸಿತು ಕೇಂದ್ರ ಸರ್ಕಾರ. ಕಾನೂನು ಬಂತು, ಆದರೆ ನಿಷೇಧಿಸಿದ ತಟ್ಟೆಯ ಬದಲಿಗೆ ಜನ ಏನು ಬಳಸಬೇಕು ಎಂದು ಕೇಳಿದರೆ ಉತ್ತರ ಬದುವಿನ ಮೇಲಿತ್ತು, ಅದನ್ನೂ ಕಿತ್ತು ಮುಗಿಸಿದ್ದೆವು. ಊರಿನ ಮಹಿಳಾ ಸಂಘದವರು ನಾಲ್ಕು ಜನ ಸೇರಿ ಎಲೆ ಹಚ್ಚಿ, ಅಚ್ಚಿನ ಯಂತ್ರ ಇಟ್ಟುಕೊಂಡರೆ ಒತ್ತಿ, ದೇವಸ್ಥಾನಗಳಿಗೆ ಮತ್ತು ಛತ್ರಗಳಿಗೆ ಕೊಡಲು ಅವಕಾಶವಿದೆ. ಆದರೆ ಮೊದಲು ಕೊಳ್ಳುವವರನ್ನು ಗೊತ್ತುಮಾಡಿಕೊಂಡು ಆಮೇಲೆ ಯಂತ್ರದ ಸಾಲ ಮಾಡತಕ್ಕದ್ದು. ಯಂತ್ರ ಮಾರುವವರ ಮಾತು ಕೇಳಿ ಸಾಲ ಮಾಡಿದರೆ ಯಂತ್ರ ಮೂಲೆ ಸೇರುತ್ತದೆ.

ಎಲೆ ಕೀಳುವುದಕ್ಕೂ ಒಂದು ಕ್ರಮವಿದೆ. ಅವಸರದವರು ಕೊಂಬೆಯನ್ನೇ ಕಡಿದು ಕೆಳಗೆ ಹಾಕಿ ಕುಳಿತು ಬಿಡಿಸಿಕೊಳ್ಳುತ್ತಾರೆ. ಹಾಗೆ ಮಾಡಿದರೆ ಮುಂದಿನ ವರ್ಷ ಆ ಭಾಗಕ್ಕೆ ಹೂವೂ ಇಲ್ಲ, ಎಲೆಯೂ ಸಣ್ಣದು. ತೊಟ್ಟಿನ ಮೇಲೆ ಮೂರೂ ಎಲೆಯನ್ನು ಕೀಳದೆ ಒಂದಿಷ್ಟು ಬಿಡಬೇಕು, ತುದಿಯ ಎಳೆ ಚಿಗುರನ್ನು ಮುಟ್ಟಬಾರದು. ನೆರಳಿನ ತೊಂದರೆ ಇರುವವರು ಮುಂಗಾರು ಬಿತ್ತನೆಗೆ ಮುಂಚೆ ಕೆಳಗಿನ ಕೊಂಬೆಗಳನ್ನು ಮಾತ್ರ ಸವರಿದರೆ ಹೊಲಕ್ಕೆ ಬಿಸಿಲೂ ಬರುತ್ತದೆ, ಸವರಿದ ಸೊಪ್ಪು ಗದ್ದೆಗೆ ಹಸಿರುಗೊಬ್ಬರವೂ ಆಗುತ್ತದೆ. ಹೊಂಗೆಯ ಜೊತೆ ಮುತ್ತುಗದ ಸೊಪ್ಪನ್ನೂ ತುಳಿಯುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬಹುದು. ಎಮ್ಮೆಗಳು ಈ ಸೊಪ್ಪನ್ನು ಮೇಯುತ್ತವೆ.

ಉಳಿದ ಉಪಯೋಗಗಳನ್ನು ಚುಟುಕಾಗಿ ಹೇಳಿ ಮುಂದೆ ಹೋಗೋಣ. ತೊಗಟೆ ಗೀರಿದರೆ ಬರುವ ಕೆಂಪು ಗೋಂದು, ಬೇರಿನ ನಾರು, ಜಂತುಹುಳಕ್ಕೆ ಕೊಡುತ್ತಿದ್ದ ಬೀಜ (ಇದನ್ನು ಪ್ರಮಾಣ ತಿಳಿಯದೆ ಮಕ್ಕಳಿಗಾಗಲಿ ಕರುಗಳಿಗಾಗಲಿ ಕೊಡುವುದು ಬೇಡ), ಕುದಿಸಿದರೆ ಕೇಸರಿ ಬಣ್ಣ ಬಿಡುವ ಹೂವು. ಉಪನಯನದಲ್ಲಿ ವಟುವಿನ ಕೈಗೆ ಕೊಡುವ ಪಲಾಶದ ದಂಡ, ನವಗ್ರಹ ಹೋಮದಲ್ಲಿ ಚಂದ್ರನ ಸಮಿತ್ತು ಇದರದೇ. ಹೋಳಿಗೆ ಹಿಂದೆ ಈ ಹೂವಿನ ನೀರನ್ನೇ ಎರಚುತ್ತಿದ್ದರು, ಈಗ ಪೊಟ್ಟಣದ ಬಣ್ಣ ತಂದು ಮೈ ಉರಿಸಿಕೊಳ್ಳುತ್ತೇವೆ. ಜಾರ್ಖಂಡ್, ಛತ್ತೀಸಗಢದ ಕಡೆ ಈ ಮರದ ಮೇಲೆ ಅರಗಿನ ಹುಳು ಸಾಕಿ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹತ್ತಿಸುವುದೂ ಅರಗಿನಿಂದಲೇ. ಇಲ್ಲಿಯೂ ಮಾಡಬಹುದಲ್ಲ ಎಂದು ಕೆಲವರಿಗೆ ಅನ್ನಿಸೀತು. ಅದು ಕಲಿತು ಮಾಡಬೇಕಾದ ಕಸಬು. ಒಂದೆರಡು ಮರ ಇಟ್ಟುಕೊಂಡು ಲಾಭದ ಕನಸು ಕಾಣುವುದನ್ನು ನಾವು ಪ್ರೋತ್ಸಾಹಿಸಲಾರೆವು.

ಮರದ ವಿಷಯದಲ್ಲಿ ರೈತನಿಗೆ ಸರ್ಕಾರದ ಮೇಲೆ ಗುಮಾನಿ ಇದ್ದರೆ ಅದಕ್ಕೆ ಕಾರಣವೂ ಇದೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ, ತುಮಕೂರು, ಬೆಂಗಳೂರು ಜಿಲ್ಲೆಗಳ ಹೊಲ, ಗೋಮಾಳಗಳಿಗೆ ನೀಲಗಿರಿ ಬಂತು. ದನಕ್ಕೆ ಮೇವಿಲ್ಲ, ಒಲೆಗೆ ಸೌದೆಯಿಲ್ಲ, ಹಕ್ಕಿಗೆ ಹಣ್ಣಿಲ್ಲ, ಲಾರಿ ತುಂಬಿ ಕಾರ್ಖಾನೆಗೆ ಹೋಗುವುದೊಂದೇ ಅದರ ಉಪಯೋಗ ಎಂದು ಹಳ್ಳಿಯವರು ಆಗಲೇ ಹೇಳಿದ್ದರು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಕ್ಕೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಹಾಕಿ ಬಂದರು. ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಲು 2017 ಬರಬೇಕಾಯಿತು. ನೀಲಗಿರಿಗೆ ಜಾಗ ಮಾಡುವಾಗ ಗೋಮಾಳದಿಂದ ಹೊರಬಿದ್ದ ಮರಗಳಲ್ಲಿ ಮುತ್ತುಗವೂ ಇತ್ತು. ಅದು ತಾನಾಗಿ ಬೆಳೆದದ್ದು, ಯಾರ ಯೋಜನೆಯಲ್ಲೂ ಅದರ ಹೆಸರಿರಲಿಲ್ಲ.

ಈಗಲೂ ಸಸಿ ಕೇಳಲು ಹೋದವರಿಗೆ ಸುಲಭವಾಗಿ ಸಿಗುವುದು ಸಿಲ್ವರ್ ಓಕ್, ತೇಗ, ಹೆಬ್ಬೇವು, ಮಹಾಗನಿ. ಇವು ಬೇಡವೆಂದು ನಾವು ಹೇಳುವುದಿಲ್ಲ, ಮಾರಿದರೆ ಹಣ ಬರುವ ಮರಗಳು. ಆದರೆ ಮುತ್ತುಗ, ಆಲೆ, ಜಾಲಾರಿ, ಕಕ್ಕೆ ಬೇಕೆಂದರೆ ಹುಡುಕಬೇಕು. ಬದುಕಿ ಉಳಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನ ಕೊಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು ರಾಜ್ಯ ಸರ್ಕಾರ 2011ರಲ್ಲಿ ಆರಂಭಿಸಿತು. ಯೋಚನೆ ಒಳ್ಳೆಯದೇ. ಹೊಸ ಸಸಿಗೆ ಹಣ ಕೊಡುವ ಸರ್ಕಾರ, ಬದುವಿನ ಮೇಲೆ ತಾನಾಗಿ ಬೆಳೆದ ನಲವತ್ತು ವರ್ಷದ ಮರವನ್ನು ಉಳಿಸಿಕೊಂಡವನಿಗೂ ಏನಾದರೂ ಕೊಡಬಾರದೇಕೆ? ಸಂಬಂಧಪಟ್ಟವರು ಇದನ್ನು ಯೋಚಿಸಬೇಕು. ಪ್ರತಿ ತಾಲ್ಲೂಕಿನ ಸಸ್ಯಕ್ಷೇತ್ರದಲ್ಲಿ ಕೆಲವು ಸಾವಿರ ಮುತ್ತುಗದ ಸಸಿ ಬೆಳೆಸುವುದು ಇಲಾಖೆಗೆ ಭಾರವಾದ ಕೆಲಸವೇನಲ್ಲ, ಬೀಜ ಧರ್ಮಕ್ಕೆ ಸಿಗುತ್ತದೆ. ಕಡಿಯುವ ಯೋಚನೆ ಇರುವವರು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯನ್ನು ಮರೆಯಬಾರದು. ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ ಸ್ವಂತ ಹಿಡುವಳಿಯ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಜೆಸಿಬಿಯವನು ಇದನ್ನು ಕೇಳುವುದಿಲ್ಲ, ಕೊನೆಗೆ ಉತ್ತರ ಕೊಡಬೇಕಾದವನು ಪಹಣಿಯಲ್ಲಿ ಹೆಸರಿರುವವನು.

ಇನ್ನೊಂದು ಕೆಟ್ಟ ಅಭ್ಯಾಸವನ್ನು ಹೇಳಲೇಬೇಕು. ಮಾಘ, ಫಾಲ್ಗುಣದಲ್ಲಿ ಬದುವಿನ ಒಣಹುಲ್ಲಿಗೆ ಬೆಂಕಿ ಇಡುವುದು. ಹೊಸ ಹುಲ್ಲು ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ. ದೊಡ್ಡ ಮರ ಈ ಬೆಂಕಿಯನ್ನು ತಡೆದುಕೊಂಡೀತು. ಹಿಂದಿನ ಮಳೆಗಾಲದಲ್ಲಿ ಹುಟ್ಟಿದ ಗೇಣುದ್ದದ ಸಸಿ ಸುಟ್ಟು ಬೂದಿಯಾಗುತ್ತದೆ. ನಾವು ನೋಡಿದ ಎಷ್ಟೋ ಬದುಗಳಲ್ಲಿ ಮುದಿ ಮರಗಳಿವೆ, ಮರಿಗಳಿಲ್ಲ.

ಬೆಳೆಸಬೇಕೆನ್ನುವವರಿಗೆ ಕೆಲಸ ಸುಲಭ. ಹೂ ಮುಗಿದ ಮೇಲೆ ಚಪ್ಪಟೆಯಾದ ಕಾಯಿಗಳು ತೂಗುತ್ತವೆ. ಕಾಯಿ ಎಷ್ಟೇ ಉದ್ದವಿದ್ದರೂ ತುದಿಯಲ್ಲಿ ಬೀಜ ಒಂದೇ. ಮೇ ಕೊನೆ, ಜೂನ್ ಮೊದಲಲ್ಲಿ ಅವು ಕಂದು ಬಣ್ಣಕ್ಕೆ ತಿರುಗಿ ಗಾಳಿಗೆ ಉದುರುವಾಗ ಆರಿಸಿಕೊಳ್ಳಬೇಕು. ಬೀಜದ ಜೀವ ಬಹಳ ಕಾಲ ಉಳಿಯುವುದಿಲ್ಲ, ಮುಂದಿನ ವರ್ಷಕ್ಕೆಂದು ಡಬ್ಬಿಯಲ್ಲಿಟ್ಟರೆ ಮೊಳೆಯುವುದು ಸಂದೇಹ. ಆದ್ದರಿಂದ ಮುಂಗಾರಿನ ಮೊದಲ ಹದ ಮಳೆ ಬಿದ್ದೊಡನೆ ಕಾಯಿಯ ರೆಕ್ಕೆಯ ಭಾಗವನ್ನು ಕತ್ತರಿಸಿ, ಬೀಜವಿರುವ ತುದಿಯನ್ನು ಬದುವಿನಲ್ಲೇ ಎರಡು ಬೆರಳು ಆಳಕ್ಕೆ ಊರಬಹುದು. ಚೀಲದಲ್ಲಿ ಬೆಳೆಸಿ ನೆಡುವುದಕ್ಕಿಂತ ಇದು ಮೇಲು, ತಾಯಿಬೇರು ಮುರಿಯುವುದಿಲ್ಲ. ಒಂದೊಂದು ಗುಣಿಗೆ ಎರಡು ಬೀಜ, ಇಪ್ಪತ್ತೈದು ಅಡಿಗೆ ಒಂದು ಗುಣಿ. ಹಳೆಯ ಮರದ ಬೇರಿನಿಂದ ಎದ್ದ ಮರಿಯನ್ನು ಬದುವಿನ ಸಾಲಿನಲ್ಲಿದ್ದರೆ ಹಾಗೆಯೇ ಬಿಡುವುದು, ಹೊಲದೊಳಗೆ ಬಂದಿದ್ದರೆ ಮಾತ್ರ ಕಡಿಯುವುದು. ಎರೆಭೂಮಿ, ಚೌಳು, ನೀರು ನಿಲ್ಲುವ ಜಾಗ, ಬೇರೆ ಗಿಡ ಬಾಳದ ಕಡೆಗಳಲ್ಲೂ ಇದು ಬಾಳುತ್ತದೆ. ಮೊದಲ ಮೂರು ನಾಲ್ಕು ವರ್ಷ ಬೆಳವಣಿಗೆ ಕಾಣುವುದೇ ಇಲ್ಲವೆಂದು ಬೇಸರಪಡಬಾರದು. ಬೇಕಾದದ್ದು ಸುತ್ತ ಒಂದು ಮಾರು ಹುಲ್ಲು ಕೆತ್ತಿ ಬೆಂಕಿ ಬಾರದಂತೆ ನೋಡಿಕೊಳ್ಳುವುದು.

ಮೇಲೆ ಹೇಳಿದ ಹಳ್ಳಿಯಲ್ಲಿ ಆ ಯಜಮಾನರು ಇನ್ನೊಂದು ಬದುವಿನ ಮೂರು ಮರಗಳನ್ನು ಸದ್ಯಕ್ಕೆ ಬಿಟ್ಟಿದ್ದಾರೆ. ನಮ್ಮ ಮಾತಿಗಲ್ಲ. ಮಗಳ ಮದುವೆ ವೈಶಾಖದಲ್ಲಿದೆ, ಎಲೆ ಬೇಕು ಎಂದು ಅವರ ತಾಯಿಯವರು ಹಟ ಹಿಡಿದರಂತೆ.